ಘಟ್ಟ ಇಳಿಯುವ ಹೊತ್ತು

ಬೆಂಗಳೂರಿಂದ ಮಂಗಳೂರು ಎಷ್ಟು ದೂರ ಎಂದು ಕೇಳಿ ನೋಡಿ, ಕಿಲೋಮೀಟರಿನ ಲೆಕ್ಕ ಹೇಳುವವರು ಕಡಿಮೆ. ‘ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಮಂಗಳೂರು’ ಎನ್ನುತ್ತಾರೆ ಕೆಲವರು. ‘ವಿಮಾನದಲ್ಲಾದರೆ ಒಂದೇ ಗಂಟೆ’ ಎನ್ನುತ್ತಾರೆ ಇನ್ನು ಕೆಲವರು. ಹಾಸನ, ಸಕಲೇಶಪುರ, ಶಿರಾಡಿ ಮಾರ್ಗವಾಗಿ ರಸ್ತೆಯಲ್ಲಿ ಸುಮಾರು 350 ಕಿ.ಮೀ.; ಆಕಾಶದಲ್ಲಿ ನೇರ ಗೆರೆ ಎಳೆದರೆ ಸುಮಾರು 300. ದೂರದಲ್ಲಿ ಇಷ್ಟು ಕಡಿಮೆ ವ್ಯತ್ಯಾಸ, ಹೊತ್ತಿನಲ್ಲಿ ಅಷ್ಟೊಂದು!

ಗಂಟೆಗೆ 800 ಕಿ.ಮೀ. ಓಡಬಲ್ಲ ಜೆಟ್ ವಿಮಾನಕ್ಕೆ ಈ ದಾರಿ ಅರ್ಧ ಗಂಟೆಯದೂ ಅಲ್ಲ. ಆದರೆ ಆ ವೇಗದಲ್ಲಿ ಹಾರಲು ಅದಕ್ಕೆ ಇಲ್ಲಿ ಜಾಗವೇ ಸಾಲದು. ಮೇಲೇರಿ ಒಂದಿಷ್ಟು ಸಮನಾಗಿ ಹಾರುವಷ್ಟರಲ್ಲಿ ಇಳಿಯುವ ಹೊತ್ತಾಗುತ್ತದೆ. ಟಿಕೆಟ್ಟಿನಲ್ಲಿರುವ ಒಂದು ಗಂಟೆಯಲ್ಲಿ ರನ್‌ವೇಗೆ ಸಾಗುವ, ಸರದಿಗಾಗಿ ಕಾಯುವ, ಇಳಿದ ಮೇಲೆ ನಿಲ್ದಾಣದ ಕಟ್ಟಡ ಮುಟ್ಟುವ ನಿಮಿಷಗಳೂ ಸೇರಿವೆ. ಮೆಜೆಸ್ಟಿಕ್ಕಿನಿಂದ ದೇವನಹಳ್ಳಿಯ ವಿಮಾನ ನಿಲ್ದಾಣದ ದಾರಿ, ಎರಡು ಗಂಟೆ ಮೊದಲೇ ಹಾಜರಿ, ಕೆಂಜಾರಿನ ಗುಡ್ಡದ ನೆತ್ತಿಯ ನಿಲ್ದಾಣದಿಂದ ಮಂಗಳೂರು ಪೇಟೆಗೆ ಇಳಿಯುವುದು, ಇವನ್ನೆಲ್ಲ ಕೂಡಿಸಿದರೆ ಅರ್ಧ ದಿನವೇ ಸಂದಿರುತ್ತದೆ. ಆದರೂ ಆಸ್ಪತ್ರೆಯಿಂದ ಕರೆ ಬಂದಾಗ, ಊರಲ್ಲಿ ಹಿರಿಯರು ಹಾಸಿಗೆ ಹಿಡಿದಾಗ ವಿಮಾನಕ್ಕೆ ಸಾಟಿಯಿಲ್ಲ. ಅದರ ಉಪಕಾರವನ್ನು ಮರೆಯಬಾರದು.

ಆದರೆ ಈ ಎರಡು ಊರುಗಳ ನಡುವೆ ನಿಜವಾಗಿ ಇರುವುದು ಘಟ್ಟ. ಅದನ್ನು ತೋರಿಸುವುದು ರೈಲು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿ.ಮೀ.; ಅಷ್ಟರಲ್ಲಿ 57 ಸುರಂಗ. ಪ್ರತಿ 50 ಮೀಟರಿಗೆ ಒಂದು ಮೀಟರ್ ಇಳಿಜಾರು. ಹಾಸನ–ಮಂಗಳೂರು ಮಾರ್ಗ 1979ರಲ್ಲಿ ಮೀಟರ್‌ಗೇಜ್ ಆಗಿ ಪೂರ್ಣಗೊಂಡಿತು. ಬ್ರಾಡ್‌ಗೇಜ್ ಆದ ಮೇಲೆ 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿತು. ಇಲ್ಲಿ ವೇಗದ ಮಾತಿಲ್ಲ. ಬ್ರೇಕ್ ಪರೀಕ್ಷಿಸಿಕೊಂಡು ಹೊರಟ ಗಾಡಿ ಗಂಟೆಗೆ 30 ಕಿ.ಮೀ. ಆಸುಪಾಸಿನಲ್ಲಿ ಹೆಜ್ಜೆ ಊರುತ್ತ ಇಳಿಯುತ್ತದೆ. ಆಷಾಢದ ಮಳೆಯಲ್ಲಿ ಎಡಕುಮೇರಿಯ ಸುತ್ತ ಬಂಡೆ ಬಂಡೆಯಲ್ಲೂ ನೀರು ಧುಮುಕುತ್ತಿರುತ್ತದೆ. ಕೆಳಗೆ ಕಣಿವೆಯಲ್ಲಿ ಕೆಂಪುಹೊಳೆ. ಸುರಂಗದ ಬಾಯಲ್ಲಿ ರೈನ್‌ಕೋಟು ತೊಟ್ಟ ಟ್ರ್ಯಾಕ್‌ಮನ್ ಗೋಡೆಗೆ ಒತ್ತಿ ನಿಂತು ಗಾಡಿಗೆ ದಾರಿ ಬಿಡುತ್ತಾನೆ. ಗುಡ್ಡ ಜರಿದಿದೆಯೇ, ಹಳಿಗೆ ಕಲ್ಲು ಉರುಳಿದೆಯೇ ಎಂದು ನೋಡುತ್ತ ಹಗಲೂ ರಾತ್ರಿ ನಡೆಯುವವರು ಇವರು. ನಾವು ಕ್ಷೇಮವಾಗಿ ಮಂಗಳೂರು ಸೇರುವುದು ಇಂಥವರ ಕಾಲ್ನಡಿಗೆಯ ಬಲದಿಂದ.

ಸುಬ್ರಹ್ಮಣ್ಯ ರೋಡ್ ಮುಟ್ಟುವಾಗ ಗಾಳಿ ಬೇರೆ, ಬೆವರು ಬೇರೆ, ಕಿಟಕಿಯಾಚೆ ಅಡಿಕೆ ತೋಟ. ಮಲೆನಾಡು ಮುಗಿದು ಕರಾವಳಿ ಹೇಗೆ ಶುರುವಾಗುತ್ತದೆ ಎಂಬುದನ್ನು ಭೂಗೋಳದ ಪಾಠಕ್ಕಿಂತ ಚೆನ್ನಾಗಿ ಈ ಎರಡು ಮೂರು ಗಂಟೆ ಕಲಿಸುತ್ತವೆ.

ಅವಸರವಿದ್ದಾಗ ವಿಮಾನ ಹತ್ತಿ. ಬಿಡುವಿದ್ದಾಗ ಮಾತ್ರ, ಬೆಳಗ್ಗೆ ಯಶವಂತಪುರ ಬಿಡುವ ಹಗಲು ರೈಲಿನಲ್ಲಿ ಮಕ್ಕಳನ್ನು ಕಿಟಕಿ ಪಕ್ಕ ಕೂರಿಸಿಕೊಂಡು ಮಳೆಗಾಲದಲ್ಲಿ ಒಮ್ಮೆಯಾದರೂ ಘಟ್ಟ ಇಳಿಯಿರಿ. ತಮ್ಮ ನಾಡು ಎಂಥದು ಎಂದು ಅವರು ಕಣ್ಣಾರೆ ಕಾಣಲಿ.