ಗಾಜಿನ ತೊಟ್ಟಿಯ ಪಾಚಿ

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಏನಾದರೂ ಬರೆಯಬೇಕೆಂಬದು ವಾಡಿಕೆ. ಪರೀಕ್ಷೆಯ ಫಲಿತಾಂಶ, ಕಟ್ಟಡದ ನಿಧಿ, ಆಟೋಟದ ಬಹುಮಾನ ಇವುಗಳ ವಿವರವು ವಾರ್ಷಿಕ ವರದಿಯಲ್ಲಿ ಬೇರೆಯಾಗಿ ಅಚ್ಚಾಗಿರುವದರಿಂದ, ಈ ಸಾರಿ ವಿಜ್ಞಾನದ ಕೊಠಡಿಯಲ್ಲಿರುವ ಒಂದು ಗಾಜಿನ ತೊಟ್ಟಿಯ ಸಂಗತಿಯನ್ನು ಬರೆಯುವೆವು. ವಿಷಯವು ಅಲ್ಪವೆಂದು ಕಂಡೀತು. ಆದರೆ ಅದರಲ್ಲಿ ನಮ್ಮದೊಂದು ತಪ್ಪು ಸೇರಿರುವದರಿಂದ, ಅದನ್ನು ನಿಮ್ಮೆಲ್ಲರ ಮುಂದೆ ಒಪ್ಪಿಕೊಳ್ಳುವದು ನ್ಯಾಯವೆಂದು ತೋರಿತು.

ಸಮುದ್ರದ ಮೊರೆತವು ಕೇಳಿಸುವಷ್ಟು ಸಮೀಪದಲ್ಲಿ ನಮ್ಮ ಶಾಲೆಯಿದ್ದರೂ, ಹವಳವನ್ನು ಜೀವಂತವಾಗಿ ಕಂಡ ಬಾಲಿಕೆಯು ನಮ್ಮಲ್ಲಿ ಒಬ್ಬಳೂ ಇರಲಿಲ್ಲ. ಹವಳವೆಂದರೆ ಅಜ್ಜಿಯ ಕೊರಳಿನ ಸರ ಎಂಬಷ್ಟೇ ಅವರ ತಿಳುವಳಿಕೆ. ನಮ್ಮ ಕರಾವಳಿಯಲ್ಲಿಯೇ, ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳು ಬೆಳೆಯುತ್ತವೆಂದು ಪಾಠದಲ್ಲಿ ಹೇಳಿದಾಗ, ಅವರು ನಂಬಲಾರದೆ ನಮ್ಮ ಮುಖವನ್ನು ನೋಡುತ್ತಿದ್ದರು. ಇದನ್ನು ಕೇಳಿದ ಪೂರ್ವ ವಿದ್ಯಾರ್ಥಿನಿಯರ ಒಂದು ತಂಡವು 2022ರಲ್ಲಿ, 300 ಲೀಟರು ನೀರು ಹಿಡಿಯುವ ತೊಟ್ಟಿಯನ್ನೂ ಅದಕ್ಕೆ ಬೇಕಾದ ದೀಪ, ಪಂಪು, ನೊರೆಯೆಬ್ಬಿಸಿ ಕೊಳೆಯನ್ನೆತ್ತುವ ಸ್ಕಿಮ್ಮರ್ ಎಂಬ ಉಪಕರಣ ಇವುಗಳನ್ನೂ ಕಾಣಿಕೆಯಾಗಿ ಕೊಟ್ಟಿತು. ನಮ್ಮ ಸಮುದ್ರದ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟಿರುವದರಿಂದ ನಾವು ಅವುಗಳ ಗೊಡವೆಗೆ ಹೋಗಲಿಲ್ಲ. ಸಿಮೆಂಟಿನಿಂದ ಮಾಡಿದ ತೂತುತೂತಾದ ಕಲ್ಲುಗಳನ್ನು ದಿಬ್ಬದಂತೆ ಜೋಡಿಸಿ, ಅವುಗಳ ಮೇಲೆ ಹವಳದ ಬಳಗಕ್ಕೇ ಸೇರಿದ, ಅಣಬೆಯ ಆಕಾರದ ಮೆತ್ತನೆಯ ಜೀವಿಗಳನ್ನು ನೆಲೆಗೊಳಿಸಿದೆವು. ಸಾಕಣೆಯಲ್ಲಿಯೇ ಹುಟ್ಟಿ ಬೆಳೆದ ಎರಡು ಕ್ಲೌನ್ ಮೀನುಗಳೂ ಬಂದವು. ಮೊದಲಿನ ಒಂದು ವರ್ಷವು ಎಲ್ಲವೂ ಚೆನ್ನಾಗಿ ನಡೆಯಿತು.

ಇಂಥ ತೊಟ್ಟಿಯ ಕ್ರಮವನ್ನು ಸ್ವಲ್ಪ ವಿವರಿಸದೆ ಮುಂದಿನ ಸಂಗತಿಯು ತಿಳಿಯದು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುವದು. ತೊಟ್ಟಿಯ ನೀರು ಪ್ರತಿದಿನವೂ ಆವಿಯಾಗುವದಾದರೂ ಉಪ್ಪು ಆವಿಯಾಗದು. ಆದಕಾರಣ ಇಳಿದಷ್ಟು ಸಿಹಿನೀರನ್ನು ದಿನಾಲು ಸೇರಿಸದಿದ್ದರೆ ಒಳಗಿನ ಜೀವಿಗಳು ಉಳಿಯಲಾರವು. ನಮ್ಮ ತೊಟ್ಟಿಗೆ ದಿನಕ್ಕೆ ಸುಮಾರು 4 ಲೀಟರು ಬೇಕಾಗುತ್ತಿತ್ತು. ಶಾಲೆಯ ಬಾವಿಯ ನೀರು ತಿಳಿಯಾಗಿಯೂ ಸಿಹಿಯಾಗಿಯೂ ಇದ್ದದ್ದರಿಂದ ಅದನ್ನೇ ಹಾಕಿಸುತ್ತಿದ್ದೆವು. ಈ ಕೆಲಸವನ್ನೂ ಮೀನುಗಳಿಗೆ ಆಹಾರ ಹಾಕುವದನ್ನೂ ಒಂಬತ್ತನೇ ತರಗತಿಯ ಒಬ್ಬ ಬಾಲಿಕೆಗೆ ವಹಿಸಿದ್ದೆವು. ಅವಳು ನಮ್ಮ ವಸತಿಗೃಹದವಳು, ಮಿತಭಾಷಿ. ಅವಳ ಒಪ್ಪಿಗೆಯನ್ನು ಪಡೆದೇ ಇದನ್ನು ಬರೆಯುತ್ತೇವೆ.

2023ರ ಮಳೆಗಾಲದ ನಡುವೆ ಕಲ್ಲುಗಳ ಮೇಲೆ ಹಸುರು ನವಿರು ಕಾಣಿಸಿಕೊಂಡಿತು. ಹದಿನೈದು ದಿನಗಳೊಳಗೆ ಅದು ಬೆರಳುದ್ದದ ಕೂದಲಾಗಿ ಬೆಳೆದು, ಅಣಬೆ ಹವಳಗಳ ಅಂಚನ್ನು ಮುಚ್ಚುತ್ತ ಬಂದಿತು. ಇದನ್ನು ತೊಟ್ಟಿ ಸಾಕುವವರು ಕೂದಲು ಪಾಚಿ ಎನ್ನುತ್ತಾರೆ. ನಾವು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿಸಿದೆವು. ತುಂಡುಗಳು ನೀರಿನಲ್ಲಿ ತೇಲಿ, ಇಲ್ಲದ ಕಡೆಯಲ್ಲಿಯೂ ಬೇರೂರಿದವು. ಮೂರು ದಿನ ಕರಿಯ ಬಟ್ಟೆಯನ್ನು ಹೊದಿಸಿ ಬೆಳಕನ್ನು ತಡೆದೆವು. ಪಾಚಿಯು ಬಿಳಿಚಿಕೊಂಡಿತು. ಆದರೆ ಸತ್ತ ಪಾಚಿಯು ಕೊಳೆತು, ಅದರ ಸಾರವೇ ನೀರಿಗೆ ಗೊಬ್ಬರವಾಗಿ, ಎರಡು ವಾರಗಳಲ್ಲಿ ಮೊದಲಿಗಿಂತ ಹೆಚ್ಚಾಗಿ ಹಬ್ಬಿತು. ತಾಮ್ರದ ಔಷಧವನ್ನು ಹಾಕೋಣವೆಂದು ಒಬ್ಬರು ಸೂಚಿಸಿದಾಗ, ತಾಮ್ರವು ಬಸವನಹುಳು, ಸೀಗಡಿ, ಹವಳ ಇವುಗಳಿಗೆ ವಿಷವೆಂದು ನಮ್ಮ ರಸಾಯನಶಾಸ್ತ್ರದ ಉಪಾಧ್ಯಾಯಿನಿಯವರು ತಡೆದದ್ದು ಒಳ್ಳೆಯದಾಯಿತು.

ಪಾಚಿಗೆ ಆಹಾರವಾಗುವವು ಮುಖ್ಯವಾಗಿ ನೈಟ್ರೇಟ್ ಮತ್ತು ಫಾಸ್ಫೇಟ್. ತೊಟ್ಟಿಯ ನೀರನ್ನು ಪರೀಕ್ಷಿಸಿದಾಗ ಎರಡೂ ಇಲ್ಲವೆಂಬಷ್ಟು ಕಡಮೆಯಾಗಿ ಕಂಡವು. ನೀರು ಶುದ್ಧವಾಗಿರುವಲ್ಲಿ ಪಾಚಿಯು ಬೆಳೆಯಬೇಕಾದರೆ, ನೋಡಿಕೊಳ್ಳುವವಳು ಅಜಾಗ್ರತೆಯಿಂದ ಆಹಾರವನ್ನು ಸುರಿಯುತ್ತಿರಬೇಕೆಂದು ನಾವು ತೀರ್ಮಾನಿಸಿದೆವು. ಅದೇ ವಾರ ಶಾಲೆಗೆ ಅತಿಥಿಗಳು ಬಂದರು. ತೊಟ್ಟಿಯನ್ನು ಕಾಣಿಕೆ ಕೊಟ್ಟವರಲ್ಲಿ ಇಬ್ಬರು ಅವರೊಳಗೆ ಇದ್ದರು. ಹಸುರು ಕೂದಲಿನ ಮುದ್ದೆಯಂತಿದ್ದ ಆ ದಿಬ್ಬವನ್ನು ಕಂಡು ಅವರು ಸುಮ್ಮನಾದದ್ದು ನಮ್ಮನ್ನು ನಾಚಿಸಿತು. ನಾವು ಆ ಬಾಲಿಕೆಯನ್ನು ಕರೆದು, ಅತಿಥಿಗಳೂ ಅವಳ ತರಗತಿಯವರೂ ಕೇಳುವಂತೆ, “ಒಂದು ತೊಟ್ಟಿಯನ್ನು ಶುಚಿಯಾಗಿಡಲಾರದವಳಿಗೆ ಜವಾಬ್ದಾರಿ ಯಾಕೆ?” ಎಂದೆವು. ಬಾಲಿಕೆಯರನ್ನು ಹತ್ತು ಜನರೆದುರಿನಲ್ಲಿ ಗದರಿಸಬಾರದೆಂದು ಟ್ರೈನಿಂಗ್ ಕಾಲೇಜಿನಲ್ಲಿ ಕಲಿತು, ಇಪ್ಪತ್ತು ವರ್ಷಗಳಿಂದ ಹೊಸ ಉಪಾಧ್ಯಾಯಿನಿಯರಿಗೂ ಅದನ್ನೇ ಹೇಳುತ್ತ ಬಂದ ನಾವು ಹಾಗೆಂದೆವು. ಅವಳು ಉತ್ತರ ಕೊಡಲಿಲ್ಲ.

ಮರುದಿನ ಪ್ರಾರ್ಥನೆಯ ಗಂಟೆಗಿಂತ ಮೊದಲೇ ಅವಳು ಒಂದು ನೋಟುಪುಸ್ತಕವನ್ನು ಹಿಡಿದುಕೊಂಡು ನಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಹನ್ನೊಂದು ತಿಂಗಳುಗಳ ಲೆಕ್ಕವು ಅದರಲ್ಲಿತ್ತು. ದಿನ, ಹಾಕಿದ ಆಹಾರ, ಸೇರಿಸಿದ ನೀರು, ಉಷ್ಣತೆ ಎಲ್ಲವೂ ಗೆರೆ ಎಳೆದು ಬರೆಯಲ್ಪಟ್ಟಿದ್ದವು. ಆಹಾರವು ಒಂದು ದಿನವೂ ಚಿಟಿಕೆಯನ್ನು ಮೀರಿರಲಿಲ್ಲ. ಅತಿಥಿಗಳು ಬಂದ ದಿನಗಳಲ್ಲಿ ಮಾತ್ರ ಎರಡು ಚಿಟಿಕೆ ಎಂದಿತ್ತು. ಆ ಎರಡನೆಯ ಚಿಟಿಕೆಯನ್ನು ಹಾಕಿಸಿದವರು ನಾವೇ.

“ಟೀಚರ್, ತೊಟ್ಟಿಯ ನೀರನ್ನು ನೋಡಿದೆವು. ನಾನು ಸುರಿಯುವ ನೀರನ್ನು ನೋಡಲಿಲ್ಲ. ಒಮ್ಮೆ ನೋಡಬಹುದೇ?” ಎಂದಳು.

ಬಾವಿಯ ನೀರನ್ನು ಅದೇ ಪರೀಕ್ಷಾ ಕೊಳವೆಯಲ್ಲಿ ಹಾಕಿ ಔಷಧದ ಹನಿಗಳನ್ನು ಬೆರೆಸಿದಾಗ, ಅದು ಹಳದಿಯಾಗಿ ನಿಲ್ಲದೆ ಕೆಂಪಾಯಿತು. ಲೀಟರಿಗೆ ಸುಮಾರು 60 ಮಿಲಿಗ್ರಾಂ ನೈಟ್ರೇಟ್. ಅವಳು ಕರಿಹಲಗೆಯ ಮೇಲೆ ಲೆಕ್ಕ ಹಾಕಿದಳು. ದಿನಕ್ಕೆ 4 ಲೀಟರು, ಅಂದರೆ 240 ಮಿಲಿಗ್ರಾಂ. 300 ಲೀಟರಿನ ತೊಟ್ಟಿಯಲ್ಲಿ ಅದು ಲೀಟರಿಗೆ 0.8 ಮಿಲಿಗ್ರಾಂ. ನೀರು ಆವಿಯಾಗಿ ಹೋಗುವದು, ನೈಟ್ರೇಟ್ ಉಳಿಯುವದು. ಮೂವತ್ತು ದಿನಗಳಲ್ಲಿ 24 ಮಿಲಿಗ್ರಾಂ ಆಗಬೇಕು. ಹಾಗಾದರೆ ತೊಟ್ಟಿಯ ಪರೀಕ್ಷೆಯಲ್ಲಿ ಅದು ಯಾಕೆ ಕಾಣಲಿಲ್ಲ? ಪಾಚಿಯು ಬಂದಷ್ಟನ್ನೂ ಆಗಾಗಲೇ ತಿಂದು ತೀರಿಸುತ್ತಿದ್ದದರಿಂದಲೇ. ನೀರು ಶುದ್ಧವಾಗಿದೆಯೆಂದು ನಾವು ಯಾವದನ್ನು ತಿಳಿದಿದ್ದೆವೋ, ಅದು ಪಾಚಿಯ ಹೊಟ್ಟೆ ತುಂಬಿದ್ದರ ಗುರುತಾಗಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ನಮ್ಮ ವಸತಿಗೃಹದವರು ಕುಡಿಯುತ್ತಿದ್ದದ್ದು ಅದೇ ಬಾವಿಯ ನೀರು. ಕುದಿಸಿಯೇ ಕೊಡುತ್ತಿದ್ದೆವು ನಿಜ. ಆದರೆ ಕುದಿಸುವದರಿಂದ ರೋಗಾಣುಗಳು ಸಾಯುವವೇ ಹೊರತು ನೈಟ್ರೇಟ್ ಹೋಗದು. ನೀರು ಇಂಗಿದಂತೆ ಅದು ಇನ್ನಷ್ಟು ಗಟ್ಟಿಯಾಗುವದು. ಶಾಲೆಯ ಆವರಣದಲ್ಲಿಯೇ ವಾಸವಾಗಿರುವ ಕಾವಲುಗಾರನ ಮನೆಯಲ್ಲಿ ಆಗ ಎರಡು ತಿಂಗಳ ಹಸುಗೂಸು ಇತ್ತು. ತಾಯಿಗೆ ಹಾಲು ಸಾಲದೆ, ಹಾಲಿನ ಪುಡಿಯನ್ನು ಈ ನೀರಿನಲ್ಲಿ ಕಲಸಿ ಬಾಟಲಿಯಲ್ಲಿ ಕುಡಿಸುತ್ತಿದ್ದರು. ದೊಡ್ಡವರಿಗಿಂತ ಆರು ತಿಂಗಳೊಳಗಿನ ಶಿಶುಗಳಿಗೇ ನೈಟ್ರೇಟ್ ಹೆಚ್ಚು ಅಪಾಯಕರ. ಅದು ರಕ್ತವು ಪ್ರಾಣವಾಯುವನ್ನು ಹೊರುವ ಶಕ್ತಿಯನ್ನು ಕುಂದಿಸಿ ಮಗುವಿನ ಮೈಯನ್ನು ನೀಲಿಗಟ್ಟಿಸಬಲ್ಲದು. ನಾವು ಆ ಹೊತ್ತಿಗೇ ಓಡಿಹೋಗಿ ಬಾಟಲಿಯನ್ನು ಬಿಡಿಸಿ, ತಾಯಿಮಕ್ಕಳನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋದೆವು. ಮಗುವಿಗೆ ಏನೂ ಆಗಿರಲಿಲ್ಲ. ಹಿಂದಿರುಗಿ ಬರುವಾಗ ನಮ್ಮ ಕೈಗಳು ನಡುಗುತ್ತಿದ್ದದ್ದು ಈಗಲೂ ನೆನಪಿದೆ.

ಪ್ರಯೋಗಾಲಯಕ್ಕೆ ಕಳುಹಿಸಿದ ನೀರಿನ ಫಲಿತಾಂಶವೂ ಹಾಗೆಯೇ ಬಂದಿತು. ಮೊದಲಿನ ವರ್ಷ ಇಲ್ಲದ್ದು ಆ ವರ್ಷ ಹೇಗೆ ಬಂದಿತೆಂಬದಕ್ಕೆ ದೂರ ಹುಡುಕಬೇಕಾಗಲಿಲ್ಲ. ಆ ಏಪ್ರಿಲಿನಲ್ಲಿ ವಸತಿಗೃಹಕ್ಕಾಗಿ ಕಾಯಿಪಲ್ಯದ ತೋಟವನ್ನು ಮಾಡಿಸಿದ್ದೆವು. ನೀರು ಸೇದಲು ಅನುಕೂಲವೆಂದು ಅದನ್ನು ಬಾವಿಯ ಪಕ್ಕದಲ್ಲಿಯೇ ಮಾಡಿಸಿ, ಗೊಬ್ಬರದ ಗುಂಡಿಯನ್ನು ಹತ್ತು ಹೆಜ್ಜೆಗಳ ಅಂತರದಲ್ಲಿ ತೋಡಿಸಿದವರು ನಾವು. ಜೂನಿನ ಮಳೆಯು ಸಗಣಿಯ ಸಾರವನ್ನೂ ಯೂರಿಯಾವನ್ನೂ ತೊಳೆದು, ಮುರಕಲ್ಲಿನ ಸಂದುಗಳ ಮೂಲಕ ಬಾವಿಗೆ ಇಳಿಸಿತ್ತು. ಆ ದಿನವೇ ಬಾವಿಯ ನೀರನ್ನು ಕುಡಿಯುವದಕ್ಕೆ ನಿಲ್ಲಿಸಿ, ನಲ್ಲಿಯ ನೀರನ್ನು ಒದಗಿಸಿದೆವು. ಗುಂಡಿಯನ್ನೂ ತೋಟವನ್ನೂ ಆವರಣದ ಕೆಳಮೂಲೆಗೆ ಸಾಗಿಸಿದೆವು. ಎರಡು ಮಳೆಗಾಲಗಳು ಕಳೆದ ಮೇಲೆ ಬಾವಿಯ ನೈಟ್ರೇಟ್ 45ರ ಕೆಳಗೆ ಇಳಿಯಿತು. ಅದರ ತರುವಾಯವೂ ಮಳೆಗೆ ಮೊದಲು ಒಮ್ಮೆ, ಮಳೆಯ ಮೇಲೆ ಒಮ್ಮೆ ಪರೀಕ್ಷೆ ಮಾಡಿಸುತ್ತಿದ್ದೇವೆ.

ಇನ್ನು ತೊಟ್ಟಿಯ ಪಾಚಿ. ಅದು ನಾಲ್ಕು ತಿಂಗಳ ಕೆಲಸವಾಯಿತು. ಇಂಥ ತೊಟ್ಟಿಯನ್ನು ಸಾಕುವವರು ನಿಮ್ಮಲ್ಲಿ ಇರಬಹುದಾದ ಕಾರಣ ಕ್ರಮವನ್ನು ಬರೆಯುತ್ತೇವೆ. ಮೊದಲನೆಯದಾಗಿ, ಆರ್.ಓ. ಯಂತ್ರದಲ್ಲಿ ಸೋಸಿ, ಮತ್ತೆ ರಾಳದ ಕಾಳುಗಳ ಮೂಲಕ ಹಾಯಿಸಿದ ನೀರನ್ನು ಮಾತ್ರ ಸೇರಿಸಿದೆವು. ಎರಡನೆಯದಾಗಿ, ಕಲ್ಲುಗಳನ್ನು ಒಂದೊಂದಾಗಿ ಹೊರತೆಗೆದು, ತೊಟ್ಟಿಯದೇ ಉಪ್ಪುನೀರು ತುಂಬಿದ ಬಾಲ್ದಿಯಲ್ಲಿ ಪಾಚಿಯನ್ನು ಬೆರಳಿನಿಂದ ಕಿತ್ತು, ತೊಳೆದು, ಹಿಂದಕ್ಕೆ ಇಟ್ಟೆವು. ಹೀಗೆ ಮಾಡಿದರೆ ತುಂಡುಗಳು ಒಳಗೆ ಹರಡವು. ಪಾಚಿಯು ತಿಂದ ಗೊಬ್ಬರವೂ ಅದರ ಸಂಗಡವೇ ಹೊರಗೆ ಹೋಗುವದು. ಮೂರನೆಯದಾಗಿ, ವಾರಕ್ಕೆ 30 ಲೀಟರು ನೀರನ್ನು ತೆಗೆದು, ಶುದ್ಧ ನೀರಿನಲ್ಲಿ ಹೊಸದಾಗಿ ಕಲಸಿದ ಉಪ್ಪುನೀರನ್ನು ತುಂಬಿದೆವು. ದೀಪವನ್ನು ಹತ್ತು ಗಂಟೆಗಳಿಂದ ಏಳಕ್ಕೆ ಇಳಿಸಿದೆವು. ಅತಿಥಿಗಳ ಚಿಟಿಕೆಯನ್ನು ಸಂಪೂರ್ಣವಾಗಿ ನಿಲ್ಲಿಸಿದೆವು. ಕಲ್ಲುಗಳು ಹೀರಿಕೊಂಡಿದ್ದ ಫಾಸ್ಫೇಟ್ ನಿಧಾನವಾಗಿ ಹೊರಬರುತ್ತಿದ್ದದರಿಂದ ಪಾಚಿಯು ಎರಡು ಸಾರಿ ಮರುಕಳಿಸಿತು. ಆಗ ಧೈರ್ಯಗೆಡದೆ ಅದೇ ಕ್ರಮವನ್ನು ಮುಂದುವರಿಸಿದೆವು.

ಇದರ ಮೇಲೆ, ಪಾಚಿಯನ್ನು ಮೇಯುವ ಹನ್ನೆರಡು ಕಡಲ ಬಸವನಹುಳುಗಳನ್ನು ಬಿಟ್ಟೆವು. ಇಷ್ಟು ಚಿಕ್ಕ ಪ್ರಾಣಿಗಳಿಂದ ಏನಾದೀತೆಂದು ಕೇಳುವವರಿಗೆ ಜಮೈಕಾ ದ್ವೀಪದ ಸಂಗತಿಯನ್ನು ತರಗತಿಯಲ್ಲಿ ಹೇಳುವೆವು. ಅಲ್ಲಿ ಪಾಚಿಯನ್ನು ಮೇಯುವ ಮೀನುಗಳು ಅತಿಯಾದ ಮೀನುಗಾರಿಕೆಯಿಂದ ಮೊದಲೇ ಕ್ಷೀಣಿಸಿದ್ದವು. ಉಳಿದ ಕೆಲಸವನ್ನು ಡಯಡೀಮ ಎಂಬ ಕರಿಮುಳ್ಳಿನ ಅರ್ಚಿನ್ ಪ್ರಾಣಿಗಳು ಮಾಡುತ್ತಿದ್ದವು. 1983ರಲ್ಲಿ ಅವುಗಳಿಗೆ ರೋಗ ತಗಲಿ ಬಹುಪಾಲು ಸತ್ತುಹೋದವು. 1977ರಲ್ಲಿ ಆ ದಿಬ್ಬಗಳ ಮೇಲೆ ನೂರಕ್ಕೆ ಸುಮಾರು 52 ಭಾಗ ಹವಳವೂ 4 ಭಾಗ ಪಾಚಿಯೂ ಇದ್ದದ್ದು, ಚಂಡಮಾರುತಗಳ ಪೆಟ್ಟೂ ಸೇರಿ, 1993ರ ಹೊತ್ತಿಗೆ 3 ಭಾಗ ಹವಳವೂ 92 ಭಾಗ ಪಾಚಿಯೂ ಆದವು. ಮೌನವಾಗಿ ಕೆಲಸ ಮಾಡುವವರ ಬೆಲೆಯು ಅವರು ಇಲ್ಲವಾದಾಗ ತಿಳಿಯುವದೆಂಬದಕ್ಕೆ ನಮಗೆ ಬೇರೆ ಉದಾಹರಣೆ ಬೇಕಾಗಿಲ್ಲ.

ಹಾಗೆಂದು ಪಾಚಿಯನ್ನು ಸರ್ವಥಾ ಶತ್ರುವೆನ್ನಲಾಗದು. 1846ರಲ್ಲಿ ಲಂಡನ್ ನಗರದ ಆನಾ ಥಿನ್ ಎಂಬ ಮಹಿಳೆಯು ಟಾರ್ಕೀ ಎಂಬ ಕಡಲೂರಿನಿಂದ ಜೀವಂತ ಹವಳಗಳನ್ನು ಮನೆಗೆ ತಂದು ಸಾಕಿದರು. ನೀರಿಗೆ ಗಾಳಿ ಸೇರಲೆಂದು ಅವರ ಮನೆಯ ಕೆಲಸದವಳು ಆ ನೀರನ್ನು ಪ್ರತಿದಿನ ಪಾತ್ರೆಯಿಂದ ಪಾತ್ರೆಗೆ ಬಹಳ ಹೊತ್ತು ಹೊಯ್ಯುತ್ತಿದ್ದಳು. 1847ರಲ್ಲಿ ಆಕೆ ಕಡಲ ಪಾಚಿಯನ್ನು ಅದರೊಳಗೆ ಇಟ್ಟ ಮೇಲೆ, ಪ್ರಾಣವಾಯುವನ್ನು ಪಾಚಿಯೇ ಒದಗಿಸತೊಡಗಿತು. ನಾವೂ ಹಾಗೆಯೇ, ತೊಟ್ಟಿಯ ಕೆಳಗಿನ ಸಣ್ಣ ಪೆಟ್ಟಿಗೆಯಲ್ಲಿ ಸಿಕ್ಕುಗೂದಲಿನಂತಹ ಕೀಟೊಮಾರ್ಫ ಎಂಬ ಪಾಚಿಯನ್ನು ಬೆಳೆಸಿ, ರಾತ್ರಿ ಅದಕ್ಕೆ ದೀಪ ಹಚ್ಚುತ್ತೇವೆ. ಮೇಲಿನ ಪಾಚಿಗೆ ಸಿಕ್ಕಬೇಕಾದ ಗೊಬ್ಬರವನ್ನು ಅದು ತಿನ್ನುವದು. ತಿಂಗಳಿಗೊಮ್ಮೆ ಅರ್ಧವನ್ನು ಕಿತ್ತು ಎಸೆಯುವೆವು. ನೈಟ್ರೇಟ್, ಫಾಸ್ಫೇಟ್‌ಗಳನ್ನು ಸೊನ್ನೆಗೆ ಇಳಿಸುವ ಹಟವನ್ನೂ ಮಾಡಬಾರದು. ಹಾಗೆ ಮಾಡಿದ ತೊಟ್ಟಿಗಳಲ್ಲಿ ಹವಳವು ಸೊರಗಿ, ಡೈನೊಫ್ಲಾಜಲೇಟ್ ಎಂಬ ಕಂದು ಲೋಳೆಯು ಹಬ್ಬುವದುಂಟು.

ಪಾಚಿಯು ಕಡಮೆಯಾದ ಮೇಲೆ ಅಲ್ಲ, ನೋಟುಪುಸ್ತಕವನ್ನು ನೋಡಿದ ಮರುದಿನವೇ, ಪ್ರಾರ್ಥನೆಯ ಸಭೆಯಲ್ಲಿ ಎಲ್ಲರ ಮುಂದೆ ನಾವು ಅವಳನ್ನು ಕ್ಷಮೆ ಕೇಳಿದೆವು. ಅತಿಥಿಗಳಾಗಿ ಬಂದಿದ್ದವರಿಗೂ ಪತ್ರ ಬರೆದೆವು. ಆದರೆ ಆ ದಿನ ಕೇಳಿದ ಮಾತನ್ನು ಊರಿನಲ್ಲಿ ಇನ್ನೂ ಕೆಲವರು ಹೇಳುತ್ತಿದ್ದಾರೆಂದು ನಮ್ಮ ಕಿವಿಗೆ ಬಿದ್ದದ್ದರಿಂದ, ಇಲ್ಲಿಯೂ ಬರೆದಿದ್ದೇವೆ. ತಪ್ಪು ಅವಳದಲ್ಲ, ನಮ್ಮದು. ಅವಳು ಈಗ ಹತ್ತನೇ ತರಗತಿಯನ್ನು ಮುಗಿಸಿ ಮುಂದಿನ ವಿದ್ಯಾಭ್ಯಾಸಕ್ಕೆ ಹೋಗಿದ್ದಾಳೆ. ನೋಟುಪುಸ್ತಕವನ್ನು ತೊಟ್ಟಿಯ ಬಳಿಯಲ್ಲಿಯೇ ಬಿಟ್ಟುಹೋಗಿದ್ದಾಳೆ. ಈಗ ಇನ್ನೊಬ್ಬಳು ಅದರಲ್ಲಿ ಬರೆಯುತ್ತಿದ್ದಾಳೆ.

ಕೊನೆಯದಾಗಿ ಪೋಷಕರಲ್ಲಿ ಒಂದು ವಿಜ್ಞಾಪನೆ. ನಿಮ್ಮ ಮನೆಯ ಬಾವಿಯ ಹತ್ತಿರ ಗೊಬ್ಬರದ ಗುಂಡಿ, ಹಟ್ಟಿ, ಶೌಚದ ಗುಂಡಿ ಇವುಗಳಿದ್ದರೆ, ನೀರು ತಿಳಿಯಾಗಿದೆಯೆಂದು ನಂಬಿ ಸುಮ್ಮನಿರದೆ ಒಮ್ಮೆ ಪರೀಕ್ಷೆ ಮಾಡಿಸಿರಿ. ಒಂದು ಬಾಟಲಿ ನೀರನ್ನು ಮಗಳ ಕೈಯಲ್ಲಿ ಶನಿವಾರ ಕೊಟ್ಟು ಕಳುಹಿಸಿದರೆ, ನಮ್ಮ ವಿಜ್ಞಾನದ ಕೊಠಡಿಯಲ್ಲಿ ನೈಟ್ರೇಟ್ ಎಷ್ಟೆಂದು ಸುಮಾರಾಗಿ ನೋಡಿ ತಿಳಿಸುವೆವು. ಹೆಚ್ಚಾಗಿ ಕಂಡರೆ ಪ್ರಯೋಗಾಲಯಕ್ಕೆ ಕಳುಹಿಸಬಹುದು. ತೊಟ್ಟಿಯನ್ನೂ ನೋಡಲು ಬನ್ನಿರಿ. ಹಿಂದಿನ ಗಾಜಿನ ಮೇಲೆ ಅಂಗೈಯಗಲದ ಹಸುರು ಈಗಲೂ ಇದೆ. ಅದನ್ನು ಬಸವನಹುಳುಗಳ ಪಾಲಿಗೆ ಬಿಟ್ಟಿದ್ದೇವೆ.