ಕುದಳವಾಡಿಯ ಹೊಗಿ ಡಬ್ಬಿ

ಹಿಂಜವಡಿಯಲ್ಲಿ 11 ವರ್ಷ ಕೂತು ಕೋಡ್ ಬರೆದವನಿಗೆ ಪುಣೆ ಎಷ್ಟು ಗೊತ್ತಿರುತ್ತದೆ? ವಾಕಡ್ ಸೇತುವೆಯ ಟ್ರಾಫಿಕ್ಕು, ಮಳೆಗಾಲದಲ್ಲಿ ಒಂದು ಸಲ ಲೋಣಾವಳ, ಊರಿಗೆ ಹೋಗುವಾಗ ಕಾತ್ರಜ್ ಘಾಟು, ರಾಜ್ಯೋತ್ಸವಕ್ಕೆ ಯಾವುದಾದರೊಂದು ಸಭಾಂಗಣ. ನನಗೆ ಗೊತ್ತಿದ್ದದ್ದೂ ಅಷ್ಟೇ. ಪಿಂಪ್ರಿ-ಚಿಂಚವಡದ ಆಚೆ ಚಿಖಲಿಯ ಪಕ್ಕದಲ್ಲಿ ಕುದಳವಾಡಿ ಅಂತ ಒಂದು ಜಾಗ ಇದೆ ಎಂದು ತಿಳಿದದ್ದು 2024ರ ನವೆಂಬರಿನಲ್ಲಿ, ಕಬ್ಬಿಣದ ಕೊಳವೆಯ ತುಂಡೊಂದನ್ನು ಹುಡುಕಿಕೊಂಡು ಹೊರಟಾಗ.

ಕೊಳವೆ ಯಾಕೆ ಬೇಕಾಗಿತ್ತು ಅನ್ನುವುದಕ್ಕೆ ಸ್ವಲ್ಪ ದೂರ ಹೋಗಬೇಕು. 2018ರಲ್ಲಿ ಆಫೀಸಿನವರು ನನ್ನನ್ನು ಐದು ತಿಂಗಳು ಅಮೆರಿಕದ ಆಸ್ಟಿನ್‌ಗೆ ಕಳಿಸಿದ್ದರು. ಅಲ್ಲಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರು ಹೋದರೆ ಲಾಕ್‌ಹಾರ್ಟ್ ಎಂಬ ಸಣ್ಣ ಊರು. ಟೆಕ್ಸಸ್ಸಿನ ಶಾಸನಸಭೆ 1999ರಲ್ಲಿ ಅದನ್ನು ರಾಜ್ಯದ ಬಾರ್ಬೆಕ್ಯೂ ರಾಜಧಾನಿ ಎಂದು ಘೋಷಿಸಿತ್ತು. ಕಂದು ಕಾಗದದ ಮೇಲೆ ಮಾಂಸ ತೂಗಿ ಕೊಡುವ ಹಳೆಯ ಅಂಗಡಿಗಳು ಅಲ್ಲಿವೆ. ಏನೇನು ತಿಂದೆ ಅಂತ ಇಲ್ಲಿ ಬರೆಯುವುದಿಲ್ಲ, ಈ ಪತ್ರಿಕೆಯನ್ನು ಅಮ್ಮನೂ ಓದುತ್ತಾಳೆ. ಹೇಳಬೇಕಾದ್ದು ವಾಸನೆಯ ವಿಷಯ. ಅಂಗಡಿಯೊಳಗೆ ಕಾಲಿಟ್ಟ ತಕ್ಷಣ ಮೂಗಿಗೆ ಬಡಿದದ್ದು ಸಕಲೇಶಪುರ ತಾಲೂಕಿನ ಹೆತ್ತೂರು ಕಡೆಯ ನಮ್ಮಜ್ಜಿ ಮನೆಯ ಅಡುಗೆಕೋಣೆ. ಮಳೆಗಾಲದಲ್ಲಿ ಹಂದಿ ಮಾಂಸಕ್ಕೆ ಉಪ್ಪು, ಅರಿಶಿನ ಹಚ್ಚಿ, ಬಳ್ಳಿಗೆ ಪೋಣಿಸಿ, ಒಲೆಯ ಮೇಲಿನ ಅಟ್ಟದಡಿ ತೂಗುಹಾಕುತ್ತಿದ್ದರು. ವಾರಗಟ್ಟಲೆ ಹೊಗೆ ಕುಡಿದು ಅದು ಕಪ್ಪಗಾಗುತ್ತಿತ್ತು. ಅಜ್ಜಿಯದು ಮಾಂಸವನ್ನು ಕೆಡದಂತೆ ಇಡುವ ಉಪಾಯ, ಟೆಕ್ಸಸ್ಸಿನದು ಬೇಯಿಸುವ ಉಪಾಯ. ಎರಡೂ ಒಂದೇ ಅನ್ನುವುದು ಸುಳ್ಳು. ಆದರೆ ಮೂಗಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಆ ಅಡುಗೆಕೋಣೆ ಈಗ ಇಲ್ಲ. ಟೈಲ್ಸ್ ಹಾಕಿಸಿ ಗ್ಯಾಸ್ ಒಲೆ ಇಟ್ಟಿದ್ದಾರೆ. ಅಜ್ಜಿಯೂ ಇಲ್ಲ.

ಲಾಕ್‌ಹಾರ್ಟಿನ ಹಳೆಯ ಅಂಗಡಿಗಳಲ್ಲಿ ಇರುವುದು ಇಟ್ಟಿಗೆಯ ಗೂಡುಗಳು. ಆದರೆ ಟೆಕ್ಸಸ್ಸಿನ ಮನೆಗಳ ಹಿತ್ತಲಲ್ಲಿ ಕಾಣುವುದು ಉಕ್ಕಿನದು: ಮಲಗಿಸಿದ ದಪ್ಪ ಕೊಳವೆ, ಅದರ ಒಂದು ಪಕ್ಕಕ್ಕೆ ಅಂಟಿಕೊಂಡ ಒಲೆ, ಇನ್ನೊಂದು ಪಕ್ಕಕ್ಕೆ ಹೊಗೆಗೂಡು. ಬೆಂಕಿ ಒಂದು ಕಡೆ, ಮಾಂಸ ಒಂದು ಕಡೆ. ನಡುವೆ ಹಾಯುವುದು ಬಿಸಿಗಾಳಿ ಮತ್ತು ಹೊಗೆ ಮಾತ್ರ. ಎಣ್ಣೆ ಬಾವಿಗಳ ಕೊಳವೆ ಬೆಸೆಯುತ್ತಿದ್ದ ವೆಲ್ಡರುಗಳು ಉಳಿದ ತುಂಡುಗಳಲ್ಲಿ ತಮಗಾಗಿ ಮಾಡಿಕೊಂಡದ್ದು ಇದು. ಹಾಗಿದ್ದ ಮೇಲೆ ವೆಲ್ಡರುಗಳೇ ತುಂಬಿರುವ ಪುಣೆಯಲ್ಲಿ ಯಾಕಾಗಬಾರದು?

ನಮ್ಮ ಫ್ಲ್ಯಾಟಿನಲ್ಲಿ ಇಡುವ ಮಾತೇ ಇಲ್ಲ, ಸೊಸೈಟಿಯವರು ನನ್ನನ್ನೇ ಹೊರಗಿಡುತ್ತಾರೆ. ಸಹೋದ್ಯೋಗಿಯೊಬ್ಬನಿಗೆ ಮುಳಶಿ ಕಡೆ ಸಣ್ಣ ತೋಟವಿದೆ, ಅಲ್ಲಿಡುವುದೆಂದಾಯಿತು. ನಾನು ಎಕ್ಸೆಲ್ ತೆರೆದು ಕೂತೆ. 16 ಇಂಚು ವ್ಯಾಸದ, 6 ಮಿಲಿಮೀಟರಿಗಿಂತ ತುಸು ದಪ್ಪದ ಕೊಳವೆ, 90 ಸೆಂಟಿಮೀಟರು ಉದ್ದ. ಒಳಗೆ ಸುಮಾರು 110 ಲೀಟರು ಜಾಗ. ಒಲೆಗೆ ಅದರ ಮೂರನೇ ಒಂದು ಪಾಲು ಬೇಕೆಂಬುದು ರೂಢಿಯ ಲೆಕ್ಕ. ಎಲ್ಲ ಮಗ್ಗುಲೂ 33 ಸೆಂಟಿಮೀಟರಿನ ಪೆಟ್ಟಿಗೆ ಮಾಡಿದರೆ ಸರಿಯಾಗಿ 36 ಲೀಟರು. ಹೊಗೆಗೂಡಿಗೆ 3 ಇಂಚಿನ ಕೊಳವೆ, ಅದನ್ನು ಡಬ್ಬಿಯ ನೆತ್ತಿಗೆ ಕೂರಿಸದೆ ಜಾಲರಿಯ ಮಟ್ಟಕ್ಕೆ ಇಳಿಸಬೇಕು. ಇಲ್ಲದಿದ್ದರೆ ಬಿಸಿ ಮಾಂಸವನ್ನು ಮುಟ್ಟದೆ ಮೇಲಿಂದ ಮೇಲೇ ಹಾರಿಹೋಗುತ್ತದೆ. ತೆಳು ತಗಡಿನ ಡ್ರಮ್ಮಿನಲ್ಲೂ ಮಾಡುವವರಿದ್ದಾರೆ. ಆದರೆ ಆರು ತಾಸು 110ರಿಂದ 120 ಡಿಗ್ರಿ ಸೆಲ್ಸಿಯಸ್ಸಿನ ನಡುವೆ ನಿಲ್ಲಬೇಕಾದರೆ ಉಕ್ಕು ದಪ್ಪ ಇರಬೇಕು. ತೆಳು ತಗಡು ಒಂದು ಗಾಳಿ ಬೀಸಿದರೆ ತಣ್ಣಗಾಗುತ್ತದೆ.

ಕುದಳವಾಡಿಗೆ ಹೋದ ಮೊದಲ ಶನಿವಾರ ನನಗೆ ನೆನಪಿರುವುದು ಸದ್ದಿನಿಂದ. ಒಂದು ಪಕ್ಕ ತುಕಾರಾಮರ ದೇಹು, ಇನ್ನೊಂದು ಪಕ್ಕ ಜ್ಞಾನೇಶ್ವರರ ಆಳಂದಿ, ನಡುವೆ ಈ ಗುಜರಿ ಲೋಕ. ಭೋಸರಿ, ಚಾಕಣದ ಕಾರ್ಖಾನೆಗಳು ಉಗುಳಿದ್ದೆಲ್ಲ ಇಲ್ಲಿಗೆ ಬರುತ್ತಿತ್ತು: ಪ್ಲಾಸ್ಟಿಕ್ಕಿನ ಬೆಟ್ಟ, ರಟ್ಟಿನ ಬೆಟ್ಟ, ಲೇತ್ ಮಷೀನಿನ ಸುರುಳಿ ಸುರುಳಿ ಕಬ್ಬಿಣದ ಚೂರು, ಯಾವುದೋ ಬಾಯ್ಲರಿನ ಅರ್ಧ ಹೊಟ್ಟೆ. ತಗಡಿನ ಶೆಡ್ಡುಗಳ ಸಾಲು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಸಾಲು. ವ್ಯಾಪಾರಿಗಳಲ್ಲಿ ಉತ್ತರ ಪ್ರದೇಶದವರು ಬಹಳ. ಮೂರು ಶೆಡ್ಡು ತಿರುಗಿ ನಾಲ್ಕನೆಯದರಲ್ಲಿ ಕೊಳವೆ ಸಿಕ್ಕಿತು, ಕಿಲೋಗೆ 55 ರೂಪಾಯಿ, 56 ಕಿಲೋ. ಈಗ ವೆಲ್ಡರು ಬೇಕು. ವ್ಯಾಪಾರಿ ಎದುರಿನ ಶೆಡ್ಡಿನ ಕಡೆ ಗದ್ದ ಎತ್ತಿದ.

ಅಲ್ಲಿ ಐವತ್ತೈದರ ಆಸುಪಾಸಿನ ಮನುಷ್ಯರೊಬ್ಬರು ಗೇಟೊಂದರ ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದರು. "ಹೂಂ, ನಾ ಉಂಡೀನಿ. ನೀ ಉಂಡೇನ?" ಅಂದದ್ದು ಕಿವಿಗೆ ಬಿತ್ತು. ಹರಕು ಮರಾಠಿಯಲ್ಲಿ ಶುರು ಮಾಡಬೇಕೆಂದಿದ್ದವನು ಅಲ್ಲೇ ಕನ್ನಡಕ್ಕೆ ಹೊರಳಿದೆ.

"ಯಾವೂರ್ರೀ ಸರ ನಿಮ್ದು?"

"ಸಕಲೇಶಪುರ."

"ಅದೆಲ್ಲಿ ಬರತೈತ್ರಿ? ಮಂಗಳೂರ ಹಾದ್ಯಾಗೇನು?"

ಅವರದು ವಿಜಯಪುರ ಜಿಲ್ಲೆಯ ಇಂಡಿ ತಾಲೂಕು. ಪುಣೆಗೆ ಬಂದು 28 ವರ್ಷ. ಸುತ್ತಲಿನವರೆಲ್ಲ ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಲ್ಯಾಪ್‌ಟಾಪ್ ತೆರೆದು ನನ್ನ ನಕ್ಷೆ ತೋರಿಸಿದೆ. ಬಹಳ ಹೊತ್ತು ನೋಡಿ, "ಇದರಾಗ ಏನ್ ಬೇಯಸ್ತೀರಿ?" ಅಂದರು. ಹಂದಿ ಅನ್ನಲು ನಾಲಿಗೆ ಏಳಲಿಲ್ಲ, ಮಾಂಸ ಅಂದೆ. "ನಾವು ತಿನ್ನಂಗಿಲ್ರಿ. ಆದ್ರ ಡಬ್ಬಿ ಛಲೋ ಮಾಡಿ ಕೊಡ್ತೀನಿ. ಹೊಗಿ ಡಬ್ಬಿ." ಕೂಲಿ 9,000 ಅಂದರು. ನಾನು ಚೌಕಾಸಿ ಮಾಡಿ 7,500ಕ್ಕೆ ಇಳಿಸಿದೆ. ಸ್ವಿಗ್ಗಿಯಲ್ಲಿ ಎರಡು ವಾರ ತರಿಸುವಷ್ಟು ದುಡ್ಡು ಉಳಿಸಿದ ಸಂಭ್ರಮದಲ್ಲಿ ಮನೆಗೆ ಬಂದೆ.

ಆಮೇಲೆ ಎರಡು ತಿಂಗಳು ಬಹುತೇಕ ಶನಿವಾರ ನಾನಲ್ಲಿ. ಕೆಲಸ ಏಳೆಂಟು ದಿನದ್ದೇ, ಆದರೆ ಗೇಟು, ಗ್ರಿಲ್ಲುಗಳ ನಡುವೆ ಬಿಡುವಾದಾಗ ಮಾತ್ರ ನನ್ನದು. ಒಲೆಯ ಪೆಟ್ಟಿಗೆಗೆ ನಾನು ಜಿಐ ತಗಡು ಅಗ್ಗಕ್ಕೆ ಸಿಕ್ಕಿತೆಂದು ಹೊತ್ತುಕೊಂಡು ಹೋಗಿದ್ದೆ. ಕಾಕಾ ಅದನ್ನು ಮುಟ್ಟಲಿಲ್ಲ. ಅದರ ಮೇಲಿರುವುದು ಸತುವಿನ ಲೇಪ; ಕಾದರೆ ಬಿಳಿ ಹೊಗೆ ಬಿಡುತ್ತದೆ, ಅದನ್ನು ಕುಡಿದ ವೆಲ್ಡರಿಗೆ ರಾತ್ರಿ ಚಳಿಜ್ವರ. "ಜಿಐ ಬೆಸದ ದಿನ ನಾವು ಹಾಲು ಕುಡಿತೀವ್ರಿ, ಬೆಲ್ಲ ತಿಂತೀವಿ. ನೀವು ಇದರಾಗ ಅಡಗಿ ಮಾಡ್ತೀನಿ ಅಂತೀರಿ." ಹಾಲು, ಬೆಲ್ಲದಿಂದ ಆ ಜ್ವರ ಹೋಗುವುದೆಂದು ನನಗೆ ನಂಬಿಕೆಯಿಲ್ಲ. ಆದರೆ ತಗಡಿನ ಮಾತು ನೂರಕ್ಕೆ ನೂರು ನಿಜ. ಸ್ನಾತಕೋತ್ತರ ಪದವಿ ತೆಗೆದುಕೊಂಡವನು ತಗಡು ವಾಪಸು ಹೊತ್ತು ತಂದೆ.

ಬಾಗಿಲಿನ ಪಾಠವಂತೂ ಮರೆಯುವುದಿಲ್ಲ. ನನ್ನ ನಕ್ಷೆಯಲ್ಲಿ ಕೊಳವೆಯ ಮೈಯಿಂದ ಬಾಗಿಲನ್ನು ನಾಲ್ಕೂ ಕಡೆ ಕತ್ತರಿಸಿ ತೆಗೆದು, ಆಮೇಲೆ ಕೀಲು ಕೂರಿಸುವುದೆಂದಿತ್ತು. ಕಾಕಾ ಕೀಲಿನ ಕಡೆ ಮಾತ್ರ ಮೊದಲು ಕೊಯ್ದು, ಅಲ್ಲೇ ಕೀಲು ಬೆಸೆದು, ಉಳಿದ ಮೂರು ಬದಿ ಆಮೇಲೆ ಕೊಯ್ದರು. ಯಾಕೆಂದರೆ ಕೊಳವೆ ತಯಾರಾಗುವಾಗ ಬಾಗಿಸಿದ ಬಿಗಿತ ಅದರ ಮೈಯೊಳಗೆ ಉಳಿದಿರುತ್ತದೆ. ಕೊಯ್ದ ಕೂಡಲೆ ತುಂಡು ತನ್ನ ಆಕಾರ ಬಿಟ್ಟು ಅರಳುತ್ತದೆ. ಪೂರ್ತಿ ತೆಗೆದುಬಿಟ್ಟರೆ ಮತ್ತೆ ಅದೇ ಜಾಗಕ್ಕೆ ಕೂರುವುದಿಲ್ಲ. ಇಷ್ಟು ಹುಷಾರಾಗಿದ್ದರೂ ಒಂದು ಮೂಲೆ ಬೆರಳು ತೂರುವಷ್ಟು ಎದ್ದಿತು. ಕಾಕಾ ಜಗ್ಗಿ ಕೂರಿಸಿ, ಸುತ್ತ ಒಂದಿಂಚಿನ ಪಟ್ಟಿ ಬೆಸೆದು ಸಂದು ಮುಚ್ಚಿದರು. ಕೆಲಸದ ನಡುವೆ ಮಾತು ಇಂಡಿಯ ಲಿಂಬೆಗೆ, ಮಳೆಗೆ, ಮಗಳ ನರ್ಸಿಂಗ್ ಫೀಸಿಗೆ ಹರಿಯುತ್ತಿತ್ತು. ಅವರ ಕನ್ನಡದ ಅರ್ಧ ಪದ ನನಗೆ ಹೊಸದು, ನನ್ನದು ಅವರಿಗೆ ನಗೆ. "ಸಿನಿಮಾದಾಗಿನ ಮಂದಿ ಮಾತಾಡಿದಂಗ ಮಾತಾಡ್ತೀರಿ" ಅನ್ನುತ್ತಿದ್ದರು.

2025ರ ಫೆಬ್ರವರಿಯಲ್ಲಿ ಕುದಳವಾಡಿಯ ಶೆಡ್ಡುಗಳ ತೆರವು ಶುರುವಾಯಿತು. ಸಾವಿರಾರು ಶೆಡ್ಡು, ಗೋದಾಮುಗಳು ಕೆಲವೇ ದಿನಗಳಲ್ಲಿ ನೆಲಸಮ. ನೋಟಿಸು ಬಂದಿದೆ ಎಂದು ಕಾಕಾ ಜನವರಿಯಲ್ಲೇ ಹೇಳಿದ್ದರು. ಇಂಥವು ಬರುತ್ತವೆ, ಹೋಗುತ್ತವೆ ಎಂದು ನಾನು ಹೂಂಗುಟ್ಟಿ ಜಾಲರಿಯ ಅಳತೆಗೆ ಹೊರಳಿದ್ದೆ. ಅವತ್ತು ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ವಿಡಿಯೊ ಹಾಕಿದರು. ಸಾಲು ಜೆಸಿಬಿ, ದೂಳು, ಮಡಚಿ ಬೀಳುವ ತಗಡು. ಕಾಕಾನಿಗೆ ಫೋನು ಮಾಡಿದೆ. ಮೂರನೇ ಸಲಕ್ಕೆ ಎತ್ತಿದರು.

"ಕಾಕಾ, ನಮ್ಮ ಡಬ್ಬಿ ಎಲ್ಲಿದೆ?"

"ಟೆಂಪೋದಾಗ ಐತ್ರಿ ಸರ. ಚಿಂತಿ ಮಾಡಬ್ಯಾಡ್ರಿ."

ಫೋನು ಇಟ್ಟು ಕಾಫಿ ಬೆರೆಸಿಕೊಳ್ಳುವಾಗ ಹೊಳೆಯಿತು. ನೀವು ಎಲ್ಲಿದ್ದೀರಿ ಅಂತ ನಾನು ಕೇಳಿರಲಿಲ್ಲ.

ಮತ್ತೆ ಮಾಡಿದೆ, ಎತ್ತಲಿಲ್ಲ. ಮರುದಿನ ಹೋದೆ. ಶೆಡ್ಡಿದ್ದ ಜಾಗ ಗುರುತು ಸಿಗಲಿಲ್ಲ. ಗುರುತಿಗೆ ಇದ್ದದ್ದು ಎದುರಿನ ಗುಜರಿ ಅಂಗಡಿ, ಅದೂ ಇರಲಿಲ್ಲ. ಕೊನೆಗೆ ಕಾಕಾ ಸಿಕ್ಕಿದ್ದು ಮೋಶಿಯಲ್ಲಿ, ಪರಿಚಯದವರ ಶೆಡ್ಡಿನ ಮೂಲೆಯಲ್ಲಿ. ಸಣ್ಣ ಟೆಂಪೋದಲ್ಲಿ ಒಂದೇ ಖೇಪು ತರಲಿಕ್ಕೆ ಆಗಿತ್ತಂತೆ. ವೆಲ್ಡಿಂಗ್ ಮಷೀನು, ಗ್ಯಾಸ್ ಕಟರಿನ ಸೆಟ್ಟು, ಗ್ರೈಂಡರು, ಮತ್ತೆ ನನ್ನ ಡಬ್ಬಿ. ಕೆಲಸದ ಬೆಂಚು, ದೊಡ್ಡ ವೈಸು, ಕೂಡಿಟ್ಟಿದ್ದ ಆ್ಯಂಗಲ್ಲು, ಪಟ್ಟಿಗಳೆಲ್ಲ ಅಲ್ಲೇ ಉಳಿದವು. ಡಬ್ಬಿಯ ತೂಕ ಆಗಲೇ 100 ಕಿಲೋ ದಾಟಿತ್ತು. ಅದರ ಜಾಗದಲ್ಲಿ ವೈಸು ಬರುತ್ತಿತ್ತು, ಆ್ಯಂಗಲ್ಲೂ ಸ್ವಲ್ಪ ಬರುತ್ತಿತ್ತು.

"ಅದನ್ನ ಬಿಟ್ಟು ನಿಮ್ಮ ಸಾಮಾನು ತರಬಾರದಿತ್ತಾ?" ಅಂದೆ.

"ಮಂದಿ ಮಾಲು ಹೆಂಗ ಬಿಡಾಕ ಬರತೈತ್ರಿ?"

7,500ರ ಮೇಲೆ ಇನ್ನಷ್ಟು ಕೊಡಲು ಹೋದೆ. ಟೆಂಪೋ ಬಾಡಿಗೆ 1,800 ಆಯಿತೆಂದು ಅಷ್ಟು ಮಾತ್ರ ತೆಗೆದುಕೊಂಡರು. ಇಳಿಸಿದ 1,500 ರೂಪಾಯಿಯ ನೆನಪು ಅವರಿಗಿತ್ತೋ ಇಲ್ಲವೋ, ನನಗಂತೂ ಇತ್ತು.

ಮಾರ್ಚಿನಲ್ಲಿ ಡಬ್ಬಿ ಮುಳಶಿಗೆ ಬಂತು. ಹೊರಗಿನ ಹಳೆ ಬಣ್ಣ ಸುಟ್ಟು, ಒಳಗಿನ ತುಕ್ಕು ತಂತಿಯ ಬ್ರಷ್ಷಿನಲ್ಲಿ ಕೆರೆದು, ಎಣ್ಣೆ ಸವರಿ ಮೂರು ತಾಸು ಕಾಯಿಸಿದೆವು. ದೋಸೆ ಹಂಚು ಪಳಗಿಸಿದ ಹಾಗೆ. ಕಾಕಾ ಹೆಂಡತಿಯನ್ನೂ ಕರೆತಂದಿದ್ದರು. ಕಾಕು ಚೀಲದಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ರಾಶಿ ಬದನೆಕಾಯಿ. ಮಾಂಸ ಬೀಳುವ ಮೊದಲು ಡಬ್ಬಿ ತಮ್ಮದಾಗಬೇಕೆಂಬುದು ಕಾಕಾನ ಕರಾರು. "ಮಾಡಿದಾಂವ ನಾನು, ಮೊದಲ ಅಡಗಿ ನಮ್ದು. ಆಮ್ಯಾಲ ಏನರೆ ಹಾಕ್ಕೋರಿ."

ಮೊದಲ ಕಂತಿನ ಬದನೆಕಾಯಿ ಬಾಯಿಗಿಡಲಾಗಲಿಲ್ಲ, ಬೇವಿನಷ್ಟು ಕಹಿ. ತಪ್ಪು ನನ್ನದೇ. ಹೊಗೆ ಹೆಚ್ಚಿದ್ದಷ್ಟೂ ರುಚಿ ಎಂದುಕೊಂಡು ಗಾಳಿಕಿಂಡಿ ಮುಚ್ಚಿ, ದಪ್ಪ ಮಾವಿನ ಕೊರಡು ತುರುಕಿದ್ದೆ. ಉಸಿರಿಲ್ಲದ ಬೆಂಕಿ ಅರೆಬರೆ ಉರಿದು ದಟ್ಟ ಬಿಳಿ ಹೊಗೆ ಬಿಡುತ್ತದೆ. ಅದರೊಳಗಿನ ಕೀಲೆಣ್ಣೆಯಂಥ ಜಿಡ್ಡು ಎಲ್ಲದರ ಮೇಲೂ ಕೂರುತ್ತದೆ. ಬೇಕಾದ್ದು ಕಣ್ಣಿಗೆ ಕಂಡೂ ಕಾಣದ ತೆಳು ನೀಲಿ ಹೊಗೆ. ಇದನ್ನು ನಾನು ಓದಿದ್ದೆ, ಬೇರೆಯವರಿಗೆ ಹೇಳಿಯೂ ಇದ್ದೆ. ಕಾಕು ಎದ್ದು ಬಂದು ಕೊರಡೆಲ್ಲ ಹೊರಗೆಳೆದು, ಹೆಬ್ಬೆರಳ ದಪ್ಪದ ಸೀಳು ನಾಲ್ಕು ಹಾಕಿ, ಕಿಂಡಿ ಪೂರಾ ತೆರೆದರು. ಐದು ನಿಮಿಷದಲ್ಲಿ ಹೊಗೆಗೂಡಿನ ಬಾಯಿ ತಿಳಿಯಾಯಿತು. "ಸಣ್ಣ ಉರಿ, ಬಾಯಿ ಬಿಟ್ಟ ಒಲಿ" ಅಂದರಷ್ಟೇ. ಎರಡನೇ ಕಂತನ್ನು ಸಿಪ್ಪೆ ಸುಲಿದು, ಹಸಿಮೆಣಸು ಜಜ್ಜಿ ಕಲಸಿ ರೊಟ್ಟಿಯ ಮೇಲೆ ಹಾಕಿಕೊಟ್ಟರು. ನಾನು ನಾಲ್ಕು ರೊಟ್ಟಿ ತಿಂದೆ.

ಹಂದಿಯ ಸರದಿ ಮುಂದಿನ ಭಾನುವಾರ. ಎರಡೂವರೆ ಕಿಲೋ ಭುಜದ ಮಾಂಸ, ಉಪ್ಪು, ಕರಿಮೆಣಸು, ಕೊನೆಗೆ ಸವರಲು ಊರಿನಿಂದ ತಂದ ಕಾಚಂಪುಳಿ. ಒಳಗಿನ ಉಷ್ಣಾಂಶ 68 ಡಿಗ್ರಿಗೆ ಬಂದು ನಿಂತುಬಿಟ್ಟಿತು. ಎರಡು ತಾಸಾದರೂ ಕದಲಲಿಲ್ಲ. ಡಬ್ಬಿಯಲ್ಲೇ ಎಲ್ಲೋ ಸೋರಿಕೆ ಇದೆ ಎಂದು ಕಾಕಾನಿಗೆ ಫೋನು ಮಾಡಿದೆ. ಈ ಸಲ ಮೊದಲು ಅವರ ಮಗಳ ಪರೀಕ್ಷೆ ಕೇಳಿದೆ, ಆಮೇಲೆ ಡಬ್ಬಿ.

"ಮಾಂಸ ನೀರು ಬಿಡತೈತೇನ್ರಿ?"

"ಬಿಡತ್ತೆ."

"ಮತ್ತ? ಹರವ್ಯಾಗಿನ ನೀರು ಬ್ಯಾಸಗ್ಯಾಗ ಹೆಂಗ ತಣ್ಣಗಿರತೈತಿ? ಬೆವರು ಆರೂ ತನಕ ಏರಂಗಿಲ್ಲ. ಸುಮ್ನ ಕೂಡ್ರಿ."

ಮಾಂಸ ಒಮ್ಮೆ ನೋಡದ ಮನುಷ್ಯ ಹೇಳಿದ್ದು ಸರಿಯಾಗಿತ್ತು. ನಾಲ್ಕೂವರೆಗೆ ಮುಳ್ಳು ಮತ್ತೆ ಏರತೊಡಗಿತು. ಕತ್ತಲಾಗುವ ಹೊತ್ತಿಗೆ ಮೂಳೆ ಕೈಯಲ್ಲಿ ಹಿಡಿದರೆ ತಾನೇ ಕಳಚಿ ಬಂತು. ಅಜ್ಜಿಯ ಮಾಂಸದ ರುಚಿಯೇ? ಅಲ್ಲ. ಅದು ಒಣಗಿ ಗಟ್ಟಿ, ಇದು ಮೆತ್ತಗೆ. ಆದರೆ ಅವತ್ತು ಹಾಕಿಕೊಂಡಿದ್ದ ಅಂಗಿಯನ್ನು ಎರಡು ದಿನ ಒಗೆಯಲು ಕೊಡಲಿಲ್ಲ.

ಕಾಕಾ ಮೋಶಿಯ ಶೆಡ್ಡಿನಲ್ಲೇ ಇದ್ದಾರೆ, ದಿನಗೂಲಿಯ ಲೆಕ್ಕದಲ್ಲಿ. ವೈಸು ಹೊಸದು ತಗೊಂಡಿಲ್ಲ. ನಮ್ಮ ಆಫೀಸಿನ ಇಬ್ಬರು ಹೊಗಿ ಡಬ್ಬಿ ಬೇಕೆಂದಿದ್ದಾರೆ. ಕೂಲಿ 12,000 ಎಂದು ನಾನೇ ಹೇಳಿಬಿಟ್ಟಿದ್ದೇನೆ. ಕಳೆದ ತಿಂಗಳು ಅವರು ಊರಿಗೆ ಹೋಗಿ ಬರುವಾಗ ಹೊಲದಲ್ಲಿ ಒಣಗಿದ ಲಿಂಬೆ ಗಿಡ ಕಡಿಸಿ, ಒಂದು ಹೊರೆ ಕಟ್ಟಿಗೆ ಬಸ್ಸಿನ ಮೇಲೆ ಹಾಕಿಕೊಂಡು ಬಂದು ಕೊಟ್ಟರು. ಹೊಗೆಗೆ ಇದು ಮಾವಿಗಿಂತ ಛಲೋ ಎಂದು ಕಾಕು ಹೇಳಿದ್ದಾರಂತೆ. ಒಳಗೆ ಇನ್ನೂ ಹಸಿಯಿದೆ. ನಮ್ಮ ಬಾಲ್ಕನಿಯಲ್ಲಿ ಒಣಗುತ್ತಿದೆ. ಸೊಸೈಟಿಯ ಸೆಕ್ರೆಟರಿ ಎರಡು ಸಲ ಬಂದು ಏನಿದು ಎಂದು ಕೇಳಿ ಹೋದರು.