ಎಂಜೊಗೆ ಹೊಸ ಬಾಡಿ

ನಮ್ಮಲ್ಲಿ ಲಾರಿಗೆ 'ಬಾಡಿ ಕಟ್ಟಿಸೋದು' ಅಂತಾರಲ್ಲ, ಅದನ್ನೇ ಅಮೆರಿಕದ ಸಿನಿಮಾ ನಿರ್ದೇಶಕ ಜೇಮ್ಸ್ ಗ್ಲಿಕನ್‌ಹಾಸ್ ಫೆರಾರಿಗೆ ಮಾಡಿಸಿದರು. ಒಟ್ಟು 400 ಮಾತ್ರ ತಯಾರಾದ ಎಂಜೊ ಕಾರುಗಳಲ್ಲಿ ಒಂದನ್ನು, ಅದೂ ಹೊಚ್ಚ ಹೊಸದನ್ನು, ಇಟಲಿಯ ಪಿನಿನ್‌ಫರೀನಾ ಕೈಗಿಟ್ಟು ಬಿಚ್ಚಿಸಿದರು! 'ಓಡ್ತಿರೋ ಕೋಡ್ ಮುಟ್ಟಬೇಡ' ಅನ್ನೋದೇ ನಮ್ಮ ಆಫೀಸಿನ ವೇದವಾಕ್ಯ. ಹಾಗಾಗಿ ಇದನ್ನು ಮೊದಲು ಓದಿದಾಗ ನನಗೆ ಹೊಟ್ಟೆ ಉರಿದಿತ್ತು.

ಅವರಿಗೆ ಬೇಕಿದ್ದದ್ದು ಹಳೇ ರೇಸ್ ಕಾರು ಪಿ4ರ ರೂಪ. 1967ರಲ್ಲಿ ಡೇಟೋನಾದ 24 ಗಂಟೆಗಳ ರೇಸಿನಲ್ಲಿ ಫೆರಾರಿಯ ಮೂರು ಕಾರು ಸಾಲಾಗಿ ಗೆರೆ ದಾಟಿದ್ದವು, ಫೋರ್ಡ್‌ನವರ ನೆಲದಲ್ಲೇ. ಆ ಫೋಟೊ ನೋಡಿ. ಚಕ್ರದ ಮೇಲೆ ಉಬ್ಬಿದ ತಗಡು, ನಡುವೆ ಬಾಗಿದ ಗಾಜು. ಕಂಪ್ಯೂಟರ್ ಇಲ್ಲದೆ ಬರೆದ ಗೆರೆಗಳು.

ಜೇಸನ್ ಕ್ಯಾಸ್ಟ್ರಿಯೋಟಾ ವಿನ್ಯಾಸದ ಪಿ4/5 ಬಂದದ್ದು 2006ರಲ್ಲಿ. ಮೈ ಕಾರ್ಬನ್ ಫೈಬರ್, ಒಳಗೆ ಎಂಜೊದ ಅದೇ ವಿ12 ಎಂಜಿನ್. ಇಂಥದ್ದು ಜಗತ್ತಿಗೇ ಒಂದು. ಫೆರಾರಿ ತನ್ನ ಹೆಸರು ಹಾಕಿಕೊಳ್ಳಲೂ ಒಪ್ಪಿತು.

'ದುಡ್ಡಿನ ಕೊಬ್ಬು' ಅಂತಾಳೆ ನನ್ನ ಹೆಂಡತಿ. ಇರಬಹುದು ಮಾರಾಯ್ರೆ, ಇಲ್ಲ ಅನ್ನಲ್ಲ. ಆದರೆ ಎಷ್ಟೋ ಜನ ಇಂಥ ಕಾರಿಗೆ ಹೊದಿಕೆ ಹಾಕಿ ಬೆಲೆ ಏರೋದನ್ನು ಕಾಯ್ತಾರೆ. ಈ ಯಜಮಾನರು ನಂಬರ್ ಪ್ಲೇಟ್ ಹಾಕಿಸಿ ರಸ್ತೆಗೇ ಇಳಿಸಿದರು.